ರೊಟ್ಟಿ ಸುಡುವ ಒಲೆಗೆ ನಾನ್‌ಸ್ಟಿಕ್ ಸಲ್ಲದು

ಗುಂಡ್ಲುಪೇಟೆಯಲ್ಲಾಗಲಿ ಚಾಮರಾಜನಗರದಲ್ಲಾಗಲಿ ಪಾತ್ರೆ ಅಂಗಡಿಗೆ ಹೋಗಿ ದೋಸೆ ಕಾವಲಿ ಕೇಳಿದರೆ ಮೊದಲು ಕೈಗೆ ಬರುವುದು ನಾನ್‌ಸ್ಟಿಕ್ ತವಾ. ‘ಒಂದ್ ತೊಟ್ಟು ಎಣ್ಣೆ ಬ್ಯಾಡ ಕಣಕ್ಕ, ಹಂಗೇ ಎದ್ದು ಬತ್ತದ’ ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಕಬ್ಬಿಣದ್ದೇ ಬೇಕು ಎಂದು ಹಟ ಹಿಡಿದರೆ ಮೂಲೆಯಲ್ಲಿ ಒರಗಿಸಿಟ್ಟಿದ್ದನ್ನು ಎತ್ತಿ ತೋರಿಸುತ್ತಾರೆ, ‘ಅದು ತುಕ್ಕು ಹಿಡಿತದ, ಅಂಟ್ಕತದ’ ಎಂಬ ಎಚ್ಚರಿಕೆಯನ್ನೂ ಸೇರಿಸುತ್ತಾರೆ. ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹಣ್ಣು ಜವನ ಎಸೆಯಲು ನವಜೋಡಿಗಳು ಊರೂರಿಂದ ಬರುತ್ತಾರಲ್ಲ, ಆ ಜೋಡಿಗಳ ಹೊಸ ಸಂಸಾರದಲ್ಲಿ ಮದುವೆಗೆ ಉಡುಗೊರೆ ಬಂದ ನಾನ್‌ಸ್ಟಿಕ್ ಸೆಟ್ಟು ಒಂದಾದರೂ ಇರುತ್ತದೆ. ದಿನಬಳಕೆಗೆ ಇದೇ ಸರಿ, ಎಣ್ಣೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಆರೋಗ್ಯಕ್ಕೂ ಒಳ್ಳೆಯದು ಎಂಬ ಅಭಿಪ್ರಾಯ ನಮ್ಮ ಜಿಲ್ಲೆಯಲ್ಲಿ ಈಗ ಪ್ರಶ್ನೆಗೆ ಮೀರಿದ ಮಾತಾಗಿ ನಿಂತಿದೆ.

ಈ ಅಭಿಪ್ರಾಯ ತಪ್ಪು. ನಾನ್‌ಸ್ಟಿಕ್ ಕೆಟ್ಟ ಪಾತ್ರೆ ಎಂದು ನಾನು ಹೇಳುತ್ತಿಲ್ಲ. ನಮ್ಮ ಸೀಮೆಯ ದಿನದ ಅಡುಗೆಗೆ ಅದು ತಕ್ಕ ಪಾತ್ರೆಯಲ್ಲ. ನಾವು ದಿನಾ ಮಾಡುವ ಕೆಲಸಗಳನ್ನೇ ಅದು ತಡೆಯಲಾರದು, ಅದು ಚೆನ್ನಾಗಿ ಮಾಡುವ ಕೆಲಸವನ್ನು ನಾವು ಅಪರೂಪಕ್ಕೆ ಮಾಡುತ್ತೇವೆ.

ಮೊದಲು ನನ್ನ ಪಕ್ಷದಲ್ಲಿ ನಿಂತು ಕೂಗುವವರ ಒಂದು ವಾದವನ್ನು ಬದಿಗಿಡಬೇಕು. ನಾನ್‌ಸ್ಟಿಕ್‌ನಲ್ಲಿ ಒಂದು ದೋಸೆ ತಿಂದರೂ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ಎಲ್ಲರ ಮೊಬೈಲಿಗೂ ಬಂದಿದೆ. ಅದು ನಿಜವಲ್ಲ. ತವಾದ ಮೇಲಿರುವ ಕಪ್ಪು ಲೇಪ ಪಿಟಿಎಫ್ಇ ಎಂಬ ಪ್ಲಾಸ್ಟಿಕ್. 1938ರ ಏಪ್ರಿಲ್‌ನಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಬೇರೇನೋ ಹುಡುಕುತ್ತಿದ್ದಾಗ ಅಕಸ್ಮಾತ್ತಾಗಿ ಇದು ಸಿಕ್ಕಿತು. 1950ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಇದನ್ನು ಅಲ್ಯೂಮಿನಿಯಂ ಮೇಲೆ ಹಿಡಿದು ನಿಲ್ಲಿಸುವ ದಾರಿ ಕಂಡುಕೊಂಡು ಟೆಫಾಲ್ ಕಂಪನಿ ಕಟ್ಟಿದ. ಈ ಪ್ಲಾಸ್ಟಿಕ್ ಯಾವುದರ ಜೊತೆಗೂ ಸುಲಭವಾಗಿ ಬೆರೆಯುವುದಿಲ್ಲ. ಅಂಟದಿರುವುದಕ್ಕೂ ಅದೇ ಕಾರಣ, ಅದರ ಚೂರು ಹೊಟ್ಟೆಗೆ ಹೋದರೆ ಅರಗದೆ ಹಾಗೇ ಹೊರಬರುವುದಕ್ಕೂ ಅದೇ ಕಾರಣ. ಹಾನಿ ಮಾಡಿದ್ದು ಈ ಲೇಪವನ್ನು ತಯಾರಿಸುವಾಗ ಬಳಸುತ್ತಿದ್ದ ಪಿಎಫ್ಒಎ ಎಂಬ ಇನ್ನೊಂದು ರಾಸಾಯನಿಕ. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಸುತ್ತಲಿನ ಜನ ಕಾರ್ಖಾನೆಯಿಂದ ಹರಿದುಬಂದ ಅದನ್ನು ಕುಡಿಯುವ ನೀರಿನಲ್ಲಿ ಕುಡಿದರು. ವಕೀಲ ರಾಬ್ ಬಿಲಟ್ ವರ್ಷಗಟ್ಟಲೆ ನಡೆಸಿದ ಹೋರಾಟದ ಕೊನೆಗೆ 2017ರಲ್ಲಿ 67 ಕೋಟಿ ಡಾಲರಿಗೂ ಹೆಚ್ಚು ಪರಿಹಾರಕ್ಕೆ ಒಪ್ಪಂದವಾಯಿತು. ಪಿಎಫ್ಒಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿ ಸೇರಿತು, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆ ಜನರಿಗಾದ ಅನ್ಯಾಯ ದೊಡ್ಡದು. ಆದರೆ ಅದು ಕಾರ್ಖಾನೆ ನೀರಿಗೆ ಬಿಟ್ಟ ವಿಷದ ಕಥೆ, ತವಾ ಮೇಲಿನ ದೋಸೆಯದಲ್ಲ. ಹೆದರಿಸಿ ಗೆಲ್ಲುವ ವಾದ ನನಗೆ ಬೇಡ. ನನ್ನ ತಕರಾರು ಒಲೆಯ ಮೇಲೆ ಏನಾಗುತ್ತದೆ ಎಂಬುದರದ್ದು.

ನಮ್ಮ ಅಡುಗೆಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಲೆಯ ಮೇಲೆ ಏನೇನು ಏರುತ್ತದೆ ನೋಡಿ. ರಾಗಿರೊಟ್ಟಿ, ಅಕ್ಕಿರೊಟ್ಟಿ, ಜೋಳದ ರೊಟ್ಟಿ, ಚಪಾತಿ. ಸಾರಿನ ಪುಡಿಗೆ ಹುರಿಯುವ ಧನಿಯ, ಮೆಣಸಿನಕಾಯಿ. ಹುರುಳಿ ಸಾರಿಗೆ ಹುರಿಯುವ ಹುರುಳಿ. ಹುಚ್ಚೆಳ್ಳಿನ ಚಟ್ನಿಪುಡಿಗೆ ಹುಚ್ಚೆಳ್ಳು. ಮಕ್ಕಳಿಗೆ ಕಡಲೆಕಾಯಿ ಬೀಜ. ಹಳ್ಳಿಯ ಮನೆಗಳಲ್ಲಿ ಹುರಿಹಿಟ್ಟಿಗೆ ರಾಗಿ ಅರಳಿಸುವುದೂ ಇದೆ. ಇವುಗಳಲ್ಲಿ ಹೆಚ್ಚಿನವು ನೀರಿಲ್ಲದ, ಎಣ್ಣೆಯಿಲ್ಲದ, ಬರಿ ಉರಿಯ ಕೆಲಸ. ದೋಸೆಗೂ ಮೊದಲು ಕಾವಲಿ ಬರಿದಾಗಿಯೇ ಕಾಯಬೇಕು, ನೀರು ಚಿಮುಕಿಸಿದರೆ ಹನಿ ಗುಂಡಗಾಗಿ ಓಡಾಡಬೇಕು. ಹನಿ ಹಾಗೆ ಓಡಾಡುವ ಹೊತ್ತಿಗೆ ಲೋಹ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಬಂದಿರುತ್ತದೆ. ರೊಟ್ಟಿ ಉಬ್ಬಿ ಚುಕ್ಕೆ ಬೀಳಬೇಕಾದರೆ ಇನ್ನೂ ಮೇಲೆ ಹೋಗಬೇಕು.

ಪಿಟಿಎಫ್ಇ ಲೇಪ ಸುಮಾರು 260 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. 327ಕ್ಕೆ ಅದು ಮೆತ್ತಗಾಗಿ ಕರಗುತ್ತದೆ, 350 ದಾಟಿತೆಂದರೆ ಬೇಗ ಬೇಗ ಒಡೆದು ಹೊಗೆಯಾಗುತ್ತದೆ. ಆ ಹೊಗೆ ಕುಡಿದವರಿಗೆ ಚಳಿಜ್ವರ ಬಂದಂತೆ ಮೈಕೈ ನೋವು ಬರುತ್ತದೆ, ಮನೆಯಲ್ಲಿ ಪಂಜರದ ಹಕ್ಕಿಗಳಿದ್ದರೆ ಸತ್ತೇ ಹೋಗುತ್ತವೆ. ಲವ್ ಬರ್ಡ್ಸ್ ಸಾಕಿರುವವರು ಇದನ್ನು ತಿಳಿದಿರಲೇಬೇಕು. ನಾನ್‌ಸ್ಟಿಕ್ ತವಾದ ಅಡಿ ತೆಳು ಅಲ್ಯೂಮಿನಿಯಂ. ದೊಡ್ಡ ಉರಿಯಲ್ಲಿ ಬರಿದಾಗಿಟ್ಟರೆ ಕೆಲವೇ ನಿಮಿಷಗಳಲ್ಲಿ ಅದು 260ನ್ನು ದಾಟಬಲ್ಲದು. ಹಾಲುಗಲ್ಲದ ಮಗು ಅತ್ತಿತೆಂದು ಒಮ್ಮೆ ಒಳಗೆ ಹೋಗಿ ಬಂದರೆ ಸಾಕು.

ಇಲ್ಲಿಯೇ ‘ಎಣ್ಣೆ ಬೇಡ’ ಎಂಬ ಮಾತಿನ ನಿಜವಾದ ಅಪಾಯ ಇರುವುದು. ಎಣ್ಣೆಗೆ ಒಂದು ಗುಣವುಂಟು. ಕಾವು ಮಿತಿ ಮೀರಿದರೆ ಅದು ಹೊಗೆಯಾಡಿ ಹೇಳುತ್ತದೆ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯಾಗಲಿ ಕಡಲೆಕಾಯಿ ಎಣ್ಣೆಯಾಗಲಿ 230 ಡಿಗ್ರಿಯ ಸುತ್ತಮುತ್ತ ಹೊಗೆ ಬಿಡಲು ಶುರುಮಾಡುತ್ತದೆ, ಅಂದರೆ ಲೇಪ ಕೆಡುವುದಕ್ಕೆ ಮುಂಚೆಯೇ. ಕಣ್ಣು ಉರಿಯುತ್ತದೆ, ಮೂಗಿಗೆ ಗಾಟು ಬಡಿಯುತ್ತದೆ, ಅಡುಗೆಮನೆಯಲ್ಲಿರುವವರ ಕೈ ತಾನಾಗಿ ಉರಿ ತಗ್ಗಿಸಲು ಹೋಗುತ್ತದೆ. ಬರಿ ತವಾದಲ್ಲಿ ಈ ಎಚ್ಚರಿಕೆ ಇಲ್ಲ. ಲೇಪ ಕೆಡಲು ಶುರುವಾದದ್ದಕ್ಕೆ ಕಣ್ಣಿಗಾಗಲಿ ಮೂಗಿಗಾಗಲಿ ಗೊತ್ತಾಗುವ ಗುರುತಿಲ್ಲ. ಎಣ್ಣೆಯಿಲ್ಲದೆ ಬಳಸಬಹುದು ಎಂದು ಹೊಗಳಿ ಮಾರಿದ ಪಾತ್ರೆಯನ್ನು ಎಣ್ಣೆಯಿಲ್ಲದೆ ಬಳಸಿದಾಗಲೇ ಅದು ಹೇಳದೆ ಕೇಳದೆ ಹಾಳಾಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಟೀವಿಯಲ್ಲಂತೂ ಯಾರೂ ಹೇಳುವುದಿಲ್ಲ.

ಐಸಿಎಂಆರ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ ಮಣ್ಣಿನ ಪಾತ್ರೆಯನ್ನು ಹೊಗಳಿ, ನಾನ್‌ಸ್ಟಿಕ್ 170 ಡಿಗ್ರಿ ಮೀರಿ ಕಾಯಿಸಬಾರದು ಎಂಬ ಎಚ್ಚರಿಕೆ ಕೊಟ್ಟಿತು. ಪ್ಲಾಸ್ಟಿಕ್ಕಿನ ರಸಾಯನಶಾಸ್ತ್ರ ಹೇಳುವ ಮಿತಿಗಿಂತ ಆ ಅಂಕಿ ಬಹಳ ಕೆಳಗಿದೆ, ಅತಿ ಎಚ್ಚರಿಕೆ ಎಂದೇ ನನ್ನ ಭಾವನೆ. ಆದರೆ ಅದನ್ನು ಒಪ್ಪುವವರು ಮುಂದಿನ ಮಾತನ್ನೂ ಒಪ್ಪಬೇಕು: 170 ಡಿಗ್ರಿಯೊಳಗೆ ದೋಸೆಯೂ ಸರಿಯಾಗಿ ಆಗುವುದಿಲ್ಲ, ರೊಟ್ಟಿಯಂತೂ ಇಲ್ಲವೇ ಇಲ್ಲ. ಸರ್ಕಾರದ ಸಂಸ್ಥೆಯ ಲೆಕ್ಕ ಹಿಡಿದರೂ, ಕಂಪನಿಯವರ ಲೆಕ್ಕ ಹಿಡಿದರೂ ಈ ಪಾತ್ರೆ ನಮ್ಮ ಬೆಳಗಿನ ತಿಂಡಿಗೆ ಹೊಂದುವುದಿಲ್ಲ.

ಅಕ್ಕಿರೊಟ್ಟಿಯದು ಇನ್ನೊಂದು ಪೇಚು. ನಮ್ಮಲ್ಲಿ ಬಹಳ ಮನೆಗಳಲ್ಲಿ ಹಿಟ್ಟನ್ನು ಕಾವಲಿಯ ಮೇಲೆಯೇ ಇಟ್ಟು ಕೈಯಲ್ಲಿ ತಟ್ಟುತ್ತಾರೆ. ಒಂದು ರೊಟ್ಟಿ ಬೆಂದ ಮೇಲೆ ಕಾವಲಿ ಆರಬೇಕು, ಇಲ್ಲದಿದ್ದರೆ ಮುಂದಿನದನ್ನು ತಟ್ಟುವಾಗ ಬೆರಳು ಸುಡುತ್ತದೆ. ಬೇಗ ಆರಲೆಂದು ನಲ್ಲಿಯ ಕೆಳಗೆ ಹಿಡಿದು ಬೆನ್ನಿಗೆ ತಣ್ಣೀರು ಬಿಡುವುದು ದಿನದ ರೂಢಿ. ತೆಳು ಅಲ್ಯೂಮಿನಿಯಂ ಹೀಗೆ ಒಮ್ಮೆಲೇ ಕಾದು ಒಮ್ಮೆಲೇ ತಣ್ಣಗಾದರೆ ಸೊಟ್ಟಗಾಗುತ್ತದೆ, ಲೋಹ ಹಿಗ್ಗಿ ಕುಗ್ಗುವ ಲೆಕ್ಕಕ್ಕೂ ಲೇಪದ ಲೆಕ್ಕಕ್ಕೂ ತಾಳೆಯಾಗದೆ ಲೇಪ ಏಳುತ್ತದೆ. ಹೊಟ್ಟೆ ಉಬ್ಬಿದ ತವಾದ ನಡುವೆ ಎಣ್ಣೆ ನಿಲ್ಲುವುದಿಲ್ಲ, ರೊಟ್ಟಿ ಅಂಚಿನಲ್ಲಿ ಹಸಿ, ನಡುವೆ ಕರಿ. ಸೌದೆ ಒಲೆಯ ಮೇಲೆ ಇಟ್ಟರೆ ಕಥೆ ಇನ್ನೂ ಬೇಗ ಮುಗಿಯುತ್ತದೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಹಳ್ಳಿ ಹಳ್ಳಿಗೆ ಗ್ಯಾಸ್ ಹೋಯಿತು, ನಿಜ. ಆದರೆ ಸಿಲಿಂಡರ್ ಉಳಿಸಲು ರೊಟ್ಟಿ, ಮುದ್ದೆ, ಸ್ನಾನದ ನೀರಿಗೆ ಸೌದೆ ಹಚ್ಚುವ ಮನೆಗಳು ಇನ್ನೂ ಎಷ್ಟೋ ಇವೆ. ಸೌದೆಯ ಉರಿಗೆ ತಿರುಗಿಸುವ ಗುಂಡಿ ಇರುವುದಿಲ್ಲ.

ಎಣ್ಣೆ ಉಳಿತಾಯದ ಮಾತಿಗೆ ಬರೋಣ. 2025ರ ಫೆಬ್ರವರಿಯಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎಂದು ಕರೆಕೊಟ್ಟರು. ಬೊಜ್ಜಿನ ದೃಷ್ಟಿಯಿಂದ ಸರಿಯಾದ ಕರೆ. ಆದರೆ ಆ ಎಣ್ಣೆ ನಿಜಕ್ಕೂ ಹೋಗುತ್ತಿರುವುದು ಎಲ್ಲಿಗೆ? ಪಳಗಿದ ಕಬ್ಬಿಣದ ಕಾವಲಿಯಲ್ಲಿ ಒಂದು ದೋಸೆಗೆ ಅರ್ಧ ಟೀ ಚಮಚ ಎಣ್ಣೆ ಸಾಕು, ಅಂದರೆ ಎರಡು ಗ್ರಾಂ ಚಿಲ್ಲರೆ, ಇಪ್ಪತ್ತು ಕ್ಯಾಲೊರಿ. ನಾಲ್ಕು ದೋಸೆ ತಿಂದವರಿಗೆ ಎಂಬತ್ತು. ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ತಿನ್ನುವ ಬಜ್ಜಿ ಬೋಂಡಾ, ಮನೆಗೆ ಕಟ್ಟಿಸಿಕೊಂಡು ಬರುವ ಮಿಕ್ಸ್ಚರು, ಭಾನುವಾರದ ಪೂರಿ, ಚಿಪ್ಸ್ ಪೊಟ್ಟಣ, ಇವು ಹೀರುವ ಎಣ್ಣೆಯ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ಅಷ್ಟೇ ಅಲ್ಲ, ನಾನ್‌ಸ್ಟಿಕ್‌ನಲ್ಲೂ ಜನ ಎಣ್ಣೆ ಹಾಕಿಯೇ ದೋಸೆ ಮಾಡುತ್ತಾರೆ. ಎಣ್ಣೆಯಿಲ್ಲದ ದೋಸೆ ಗರಿಯಾಗುವುದಿಲ್ಲ, ಬಿಳಿಚಿಕೊಂಡು ರಬ್ಬರಿನಂತಾಗುತ್ತದೆ, ಮಕ್ಕಳು ತಟ್ಟೆ ದೂಡುತ್ತಾರೆ. ಉಳಿತಾಯ ಅಂಗಡಿಯ ಮಾತಿನಲ್ಲೇ ಉಳಿಯಿತು. ಮುಂಗಾರಿನಲ್ಲಿ ಹೆದ್ದಾರಿ 766ರ ಎರಡು ಬದಿಗೂ ಸೂರ್ಯಕಾಂತಿ ಅರಳಿ ಕೇರಳದವರು ಕಾರು ನಿಲ್ಲಿಸಿ ಫೋಟೊ ತೆಗೆಯುವ ಊರು ನಮ್ಮದು. ಎಣ್ಣೆಕಾಳು ಬೆಳೆಯುವ ಊರಿನವರಿಗೆ ಎಣ್ಣೆ ಶತ್ರುವೆಂದು ಹೇಳಿ ಪಾತ್ರೆ ಮಾರುವುದು ನನಗೆ ಸಹಿಸಲಾಗದ ಸಂಗತಿ.

ಈಗ ‘ಗ್ರಾನೈಟ್ ತವಾ’ ಬಂದಿದೆ. ಪಿಟಿಎಫ್ಇಯ ವ್ಯಾಪಾರದ ಹೆಸರಾದ ಟೆಫ್ಲಾನ್‌ಗೆ ಕೆಟ್ಟ ಸುದ್ದಿ ಅಂಟಿಕೊಂಡ ಮೇಲೆ ಮಾರುವವರು ಹೆಸರು ಬದಲಿಸಿದರು. ಬೂದು ಬಣ್ಣ, ಮೇಲೆ ಕಲ್ಲಿನಂಥ ಚುಕ್ಕಿ. ಇಂಥವುಗಳಲ್ಲಿ ಹೆಚ್ಚಿನವು ಅದೇ ಅಲ್ಯೂಮಿನಿಯಂ, ಅದೇ ಪಿಟಿಎಫ್ಇ, ಮೇಲೆ ಚುಕ್ಕಿಯ ಬಣ್ಣ. ಕರಿಕಲ್ಲನ್ನು ಭೂಮಿಯಿಂದ ಎಬ್ಬಿಸಿ ದೇಶ ವಿದೇಶಕ್ಕೆ ಕಳುಹಿಸುವ ಜಿಲ್ಲೆ ನಮ್ಮದು. ಚಾಮರಾಜನಗರದ ಕರಿಕಲ್ಲು ಎಂದರೆ ಕಲ್ಲಿನ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಕಲ್ಲು ಕಾಯಲು ಎಷ್ಟು ಹೊತ್ತು ಬೇಕು, ಎಷ್ಟು ತೂಗುತ್ತದೆ ಎಂಬುದು ಗಣಿಯಲ್ಲಿ ದುಡಿದವರ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಂಥ ಮನೆಗಳಿಗೇ ಬಣ್ಣದ ಚುಕ್ಕಿಯನ್ನು ಗ್ರಾನೈಟ್ ಎಂದು ಮಾರುತ್ತಿರುವುದು ಮೋಸ. ‘ಸೆರಾಮಿಕ್’ ಎಂದು ಬರುವ ಇನ್ನೊಂದು ಬಗೆಯಲ್ಲಿ ಪಿಟಿಎಫ್ಇ ಇರುವುದಿಲ್ಲ, ಅದು ಮರಳಿನ ಸತ್ವದ ತೆಳು ಪೊರೆ. ಕಾವು ಚೆನ್ನಾಗಿ ತಡೆಯುತ್ತದೆ, ಅಂಟದ ಗುಣ ಮಾತ್ರ ಬಹಳ ಬೇಗ ಹೋಗುತ್ತದೆ. ಇನ್ನು ‘ಪಿಎಫ್ಒಎ ಇಲ್ಲ’ ಎಂಬ ದೊಡ್ಡ ಅಕ್ಷರದ ಚೀಟಿ ಬಿಟ್ಟುಬಿಡಬೇಕಾದ ಒಂದು ರಾಸಾಯನಿಕವನ್ನು ಬಿಟ್ಟಿದ್ದೇವೆ ಎಂದಷ್ಟೇ ಹೇಳುತ್ತದೆ. ಲೇಪ ಅದೇ ಕುಲದ್ದು. ಅಮೆರಿಕದ ಮಿನ್ನೆಸೋಟ ರಾಜ್ಯ 2025ರ ಜನವರಿ 1ರಿಂದ ಆ ಇಡೀ ಕುಲದ ರಾಸಾಯನಿಕವಿರುವ ಅಡುಗೆ ಪಾತ್ರೆಗಳ ಮಾರಾಟವನ್ನೇ ನಿಲ್ಲಿಸಿತು.

ನನ್ನ ವಿರುದ್ಧ ಹೇಳಬಹುದಾದ ಗಟ್ಟಿ ಮಾತು ಒಂದೇ ಒಂದು, ಅದನ್ನು ನಾನು ಹಗುರ ಮಾಡುವುದಿಲ್ಲ. ಬದನಗುಪ್ಪೆಯ ಕೈಗಾರಿಕಾ ಪ್ರದೇಶಕ್ಕೋ ನಂಜನಗೂಡಿನ ಕಾರ್ಖಾನೆಗೋ ಹೋಗುವ ಹೆಣ್ಣುಮಗಳು ಬೆಳಗಿನ ಬಸ್ಸು ಹಿಡಿಯಬೇಕು. ಅಷ್ಟರೊಳಗೆ ತಿಂಡಿ, ಡಬ್ಬಿ, ಮಕ್ಕಳ ಸ್ಕೂಲು ಎಲ್ಲ ಮುಗಿಯಬೇಕು. ಕಾವಲಿಗೆ ಹಿಟ್ಟು ಅಂಟಿಕೊಂಡು ಕೆರೆಯುತ್ತಾ ಕೂರಲು ಅವಳಿಗೆ ಹೊತ್ತಿಲ್ಲ. ‘ಅಕ್ಕ, ನಿಮಗೇನು, ಬರೆದುಬಿಡ್ತೀರ’ ಎಂದು ಅವಳು ಕೇಳಿದರೆ ತಪ್ಪಲ್ಲ. ಆದರೆ ಅವಳಿಗೆ ಮಾರಿದ ನಾನ್‌ಸ್ಟಿಕ್ ಅವಳ ಹೊತ್ತನ್ನು ನಿಜಕ್ಕೂ ಉಳಿಸುತ್ತಿದೆಯೇ? ದೊಡ್ಡ ಉರಿಯಲ್ಲಿ ಇಡಬಾರದು, ಬರಿದಾಗಿ ಕಾಯಿಸಬಾರದು, ಸ್ಟೀಲಿನ ಮೊಗಚೆ ಕೈ ತಾಗಿಸಬಾರದು, ಸ್ಟೀಲ್ ನಾರು ಹಾಕಿ ಉಜ್ಜಬಾರದು, ಬಿಸಿಯಿರುವಾಗ ನೀರು ಬಿಡಬಾರದು. ಅವಸರದ ಕೈಗೆ ಇವು ಒಂದೂ ಆಗದ ಮಾತು. ಅವಸರವಿರುವ ಮನೆಯಲ್ಲೇ ಈ ಲೇಪ ಎಲ್ಲಕ್ಕಿಂತ ಬೇಗ ಹೋಗುತ್ತದೆ. ಒಂದೆರಡು ವರ್ಷದಲ್ಲಿ ನಡುವೆ ಬಿಳಿ ಲೋಹ ಕಾಣುತ್ತದೆ, ಆಮೇಲೆ ಅದು ಬರಿ ಅಲ್ಯೂಮಿನಿಯಂ ತವಾಕ್ಕಿಂತ ಕೆಟ್ಟದಾಗಿ ಅಂಟುತ್ತದೆ. ಮತ್ತೆ ಲೇಪ ಹಾಕಿಸಿಕೊಳ್ಳುವ ದಾರಿ ನಮ್ಮ ಊರುಗಳಲ್ಲಿಲ್ಲ. ಗುಜರಿಗೆ ಹಾಕಿ ಹೊಸದಕ್ಕೆ ಮತ್ತೆ ದುಡ್ಡು ಕೊಡಬೇಕು. ಕೂಲಿಯಲ್ಲಿ ಮನೆ ನಡೆಸುವವರು ಪದೇ ಪದೇ ಕಟ್ಟುವ ಈ ಕಂದಾಯವನ್ನು ಅನುಕೂಲ ಎಂದು ಕರೆಯಲು ನನಗೆ ಆಗುವುದಿಲ್ಲ.

ಕಬ್ಬಿಣ ಬೇಡುವುದು ಶುರುವಿನ ಕೆಲಸವನ್ನು. ಅದನ್ನು ನಮ್ಮ ಹಿರಿಯ ಹೆಂಗಸರು ‘ಪಳಗಿಸೋದು’ ಎನ್ನುತ್ತಾರೆ. ಹೊಸ ಕಾವಲಿಯನ್ನು ಚೆನ್ನಾಗಿ ಉಜ್ಜಿ ತೊಳೆದು, ಅಕ್ಕಿ ತೊಳೆದ ನೀರಿನಲ್ಲೋ ಗಂಜಿಯಲ್ಲೋ ನಾಲ್ಕಾರು ದಿನ ನೆನೆಯಲು ಬಿಟ್ಟು, ದಿನಾ ನೀರು ಬದಲಿಸಿ, ಮತ್ತೆ ತೊಳೆದು ಒರೆಸಿ, ತೆಳುವಾಗಿ ಎಣ್ಣೆ ಸವರಿ ಕಾಯಿಸಿ ಆರಿಸಬೇಕು. ಕಾಯಿಸಿ ಆರಿಸುವುದನ್ನು ಹಲವು ಸಲ ಮಾಡಬೇಕು. ಎಣ್ಣೆ ಬಿಸಿ ಲೋಹದ ಮೇಲೆ ಗಾಳಿಯೊಡನೆ ಸೇರಿ ಗಟ್ಟಿಯಾಗಿ ಕರಿ ಪೊರೆಯಾಗುತ್ತದೆ, ಅದೇ ಅಂಟದಂತೆ ತಡೆಯುವುದು. ಎಣ್ಣೆ ತೆಳುವಾಗಿಯೇ ಇರಬೇಕು. ಧಾರಾಳವಾಗಿ ಸುರಿದು ಕಾಯಿಸಿದರೆ ಪೊರೆ ಆಗದೆ ಜಿಗುಟು ಕೂರುತ್ತದೆ, ಆಗಲೇ ‘ಕಬ್ಬಿಣ ಅಂಟ್ಕತದ’ ಎಂಬ ದೂರು ಹುಟ್ಟುವುದು. ಮೊದಲ ವಾರ ದಪ್ಪ ಅಕ್ಕಿರೊಟ್ಟಿಯನ್ನೋ ಈರುಳ್ಳಿ ಹುರಿಯುವುದನ್ನೋ ಮಾಡಿ, ತೆಳು ದೋಸೆಗೆ ಆಮೇಲೆ ಕೈ ಹಾಕಬೇಕು. ಅರ್ಧ ಕತ್ತರಿಸಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ದೋಸೆ ದೋಸೆಗೂ ಸವರುವುದು ಗೊತ್ತಿರುವ ಪದ್ಧತಿಯೇ. ಪಳಗಿದ ಮೇಲೆ ದಿನದ ಕೆಲಸ ಇಷ್ಟೇ: ಬಿಸಿಯಿರುವಾಗಲೇ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸುವುದು. ನೀರಿನಲ್ಲಿ ನೆನೆಹಾಕಿ ರಾತ್ರಿಯೆಲ್ಲ ಸಿಂಕಿನಲ್ಲಿ ಬಿಟ್ಟರೆ ಮಾತ್ರ ತುಕ್ಕು. ತುಕ್ಕು ಬಂದರೂ ಕಾವಲಿ ಸತ್ತಿಲ್ಲ, ಉಜ್ಜಿ ಮತ್ತೆ ಪಳಗಿಸಿದರೆ ಎದ್ದು ಬರುತ್ತದೆ. ಈ ಶುರುವಿನ ಕೆಲಸಕ್ಕೆ ಒಂದಿಷ್ಟು ಸಂಜೆಗಳು ಬೇಕು, ಅಷ್ಟೇ. ಬೆಳಗಿನ ಬಸ್ಸು ಹಿಡಿಯುವವಳ ಗಂಡ ಆ ಸಂಜೆ ಮನೆಯಲ್ಲೇ ಇರುತ್ತಾನೆ. ಕಾವಲಿ ಪಳಗಿಸುವುದು ಹೆಂಗಸರೇ ಮಾಡಬೇಕಾದ ವ್ರತವಲ್ಲ.

ಕಬ್ಬಿಣದ ಪಾತ್ರೆಯಿಂದ ರಕ್ತ ಏರುತ್ತದೆ ಎಂಬ ಮಾತನ್ನೂ ಅಳತೆಯಿಟ್ಟು ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು. ಕಬ್ಬಿಣದ ಪಾತ್ರೆಯಲ್ಲಿ ಹುಳಿಯಾದ, ನೀರಾದ, ಹೆಚ್ಚು ಹೊತ್ತು ಬೇಯುವ ಪದಾರ್ಥಕ್ಕೆ ಕಬ್ಬಿಣದಂಶ ಇಳಿಯುತ್ತದೆ ಎಂಬುದು ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಪಷ್ಟವಾಗಿದೆ. ಸೇಬಿನ ಗೊಜ್ಜಿನಲ್ಲಿ 100 ಗ್ರಾಂಗೆ ಅರ್ಧ ಮಿಲಿಗ್ರಾಮೂ ಇಲ್ಲದ ಕಬ್ಬಿಣ ಏಳು ದಾಟಿತು. ಇಥಿಯೋಪಿಯಾದ ಮಕ್ಕಳಿಗೆ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿ ಕೊಟ್ಟಾಗ ಹಿಮೋಗ್ಲೋಬಿನ್ ಏರಿದ್ದನ್ನು 1999ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿತು. ಹಾಗೆಂದು ಒಂದೆರಡು ನಿಮಿಷ ಕಾವಲಿಯ ಮೇಲಿದ್ದು ಏಳುವ ದೋಸೆಯಿಂದ ಅಷ್ಟೇನೂ ಬರುವುದಿಲ್ಲ. ಲಾಭ ಬೇಕಿದ್ದರೆ ಕಬ್ಬಿಣದ ಬಾಣಲೆಯಲ್ಲಿ ಹುಣಸೆ ಗೊಜ್ಜು, ಟೊಮೆಟೊ ಬಿದ್ದ ಪಲ್ಯ ಮಾಡಿ, ಆದ ತಕ್ಷಣ ಬೇರೆ ಪಾತ್ರೆಗೆ ತೆಗೆಯಬೇಕು. ಹುಳಿ ಆ ಕರಿ ಪೊರೆಯನ್ನು ತಿನ್ನುವುದರಿಂದ ದೋಸೆ ಕಾವಲಿಗೆ ಹುಳಿ ತಾಗಿಸದೆ ಬಾಣಲೆಯನ್ನು ಬೇರೆಯೇ ಇಟ್ಟುಕೊಳ್ಳುವುದು ಲೇಸು. ಕಾಯಿಲೆಯ ಕಾರಣಕ್ಕೆ ಪದೇ ಪದೇ ರಕ್ತ ಹಾಕಿಸಿಕೊಳ್ಳುವವರ ಮೈಯಲ್ಲಿ ಕಬ್ಬಿಣ ಆಗಲೇ ಹೆಚ್ಚಾಗಿರುತ್ತದೆ. ಅವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ನಾನ್‌ಸ್ಟಿಕ್ಕಿಗೆ ತಕ್ಕ ಜಾಗವೂ ಇದೆ. ಆಮ್ಲೆಟ್ಟು, ಮೀನಿನ ತುಂಡು, ಪನ್ನೀರು, ಸಣ್ಣ ಉರಿಯಲ್ಲಿ ಎಣ್ಣೆ ಸವರಿ ಮಾಡುವ ಮೆತ್ತನೆಯ ಪದಾರ್ಥಗಳಿಗೆ ಅದಕ್ಕಿಂತ ಹಿತವಾದದ್ದಿಲ್ಲ. ಮಣಿಕಟ್ಟಿನ ನೋವಿರುವ ಅಜ್ಜಿ ಕಬ್ಬಿಣ ಎತ್ತಲಾರಳು, ಒಬ್ಬಳೇ ಇರುವ ಮನೆಯಲ್ಲಿ ಅವಳಿಗೆ ಹಗುರದ ನಾನ್‌ಸ್ಟಿಕ್ಕೇ ಸರಿ. ಉಡುಗೊರೆ ಬಂದದ್ದನ್ನು ಎಸೆಯಬೇಕಾಗಿಲ್ಲ, ಆ ಕೆಲಸಗಳಿಗೆ ಎತ್ತಿಟ್ಟುಕೊಳ್ಳಿ, ಮರದ ಸೌಟು ಬಳಸಿ, ಲೇಪ ಎದ್ದ ದಿನ ಬಿಟ್ಟುಬಿಡಿ. ಕೊಳ್ಳಲೇಬೇಕಾದವರು ಅಡಿ ದಪ್ಪವಿರುವುದನ್ನು ಕೈಯಲ್ಲಿ ಎತ್ತಿ ನೋಡಿ ಕೊಳ್ಳಲಿ. ಸ್ಟೀಲು, ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್ಐ ಗುರುತು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿದೆ, ಆ ಗುರುತನ್ನು ಕೇಳಲಿ.

ಸರ್ಕಾರದಿಂದ ಆಗಬೇಕಾದ ಒಂದು ಕೆಲಸವೂ ಇದೆ. ಬರಿದಾಗಿ ಕಾಯಿಸಬಾರದು, ಉರಿ ಹೆಚ್ಚಿಸಬಾರದು ಎಂಬ ಮಾತು ಡಬ್ಬಿಯೊಳಗಿನ ಚೀಟಿಯಲ್ಲಿ ಇರುತ್ತದೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ತೆರಕಣಾಂಬಿಯಲ್ಲಿ ಕೊಂಡು ಮನೆಗೊಯ್ಯುವ ಹೆಣ್ಣುಮಗಳಿಗೆ ಅದು ತಲುಪುವುದೇ ಇಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಕರ್ನಾಟಕದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲಿರಬೇಕು ಎನ್ನುತ್ತದೆ. ಹೊರರಾಜ್ಯದ ಕಾರ್ಖಾನೆಯಿಂದ ಬರುವ ತವಾಗೆ ಈ ಮಾತು ತಗುಲುವುದಿಲ್ಲ. ಇಲ್ಲಿ ಮಾರುವ ಪ್ರತಿ ನಾನ್‌ಸ್ಟಿಕ್ ಪಾತ್ರೆಯ ಡಬ್ಬಿಯ ಮೇಲೂ, ಅದು ಎಲ್ಲೇ ತಯಾರಾಗಿರಲಿ, ದಪ್ಪ ಕನ್ನಡ ಅಕ್ಷರದಲ್ಲಿ ‘ರೊಟ್ಟಿ, ಚಪಾತಿ, ಹುರಿಯುವ ಕೆಲಸಕ್ಕೆ ಬಳಸಬೇಡಿ, ಬರಿದಾಗಿ ಕಾಯಿಸಬೇಡಿ’ ಎಂದು ಅಚ್ಚಾಗಬೇಕು. ಅದು ಅಚ್ಚಾಗುವವರೆಗೆ ಪಾತ್ರೆ ಅಂಗಡಿಯವರು ‘ಎಣ್ಣೆ ಬ್ಯಾಡ ಕಣಕ್ಕ’ ಎನ್ನುವ ಬಾಯಿಂದಲೇ ಈ ಎರಡು ಮಾತನ್ನೂ ಹೇಳಿ ಕೊಡಲಿ.